ದೂರದೂರಿನ ತಂಡ, ಮನೆಯ ರೇಡಿಯೋ

ರೆಸಿಡೆನ್ಸಿಯ ದಿನಗಳಲ್ಲಿ ಹಿರಿಯ ರೋಗಿಗಳು ನಮಗೆ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಬೇಸ್‌ಬಾಲ್ ತಂಡದ ಕಥೆ ಹೇಳುತ್ತಿದ್ದರು. 1957ರವರೆಗೂ ಪ್ರಮುಖ ಲೀಗಿನ ತಂಡವಿದ್ದ ಊರುಗಳಲ್ಲಿ ತೀರ ದಕ್ಷಿಣದ್ದು ಸೇಂಟ್ ಲೂಯಿಸ್. ಅರ್ಕಾನ್ಸಾ, ಟೆನೆಸಿಯ ಹಳ್ಳಿಗರಿಗೆ ಆಟ ನೋಡುವುದು ದುರ್ಲಭ. ಕೇಳಲು ರೇಡಿಯೋ ಇತ್ತು. ಸಣ್ಣ ಊರುಗಳ ಕೇಂದ್ರಗಳು ವೀಕ್ಷಕ ವಿವರಣೆಯನ್ನು ಮರುಪ್ರಸಾರ ಮಾಡುತ್ತಿದ್ದವು. 1950ರ ದಶಕದ ಮಧ್ಯದಿಂದ ಕೆಎಂಒಎಕ್ಸ್ ಕೇಂದ್ರದ 50,000 ವಾಟ್ ಅಲೆಗಳು ಇರುಳಾದೊಡನೆ ಅಯಾನುಗೋಳದಿಂದ ಪ್ರತಿಫಲಿಸಿ ಆ ಆಟವನ್ನು ನೂರಾರು ಮೈಲಿ ಒಯ್ದವು. ಹ್ಯಾರಿ ಕ್ಯಾರೆ, ಜ್ಯಾಕ್ ಬಕ್ ಮನೆಮಾತಾದರು. 1962ರಲ್ಲಿ ಹ್ಯೂಸ್ಟನ್‌ಗೆ, 1966ರಲ್ಲಿ ಅಟ್ಲಾಂಟಾಕ್ಕೆ ತಂಡ ಬಂದರೂ ಹಲವು ಮನೆಯವರು ಅಪ್ಪನ ತಂಡವನ್ನು ಬಿಡಲಿಲ್ಲ.

ಟ್ರಾನ್ಸಿಸ್ಟರಿಗೆ ಕಿವಿಗೊಟ್ಟು ಕ್ರಿಕೆಟ್ ಕೇಳಿದ ನಮಗೆ ಇದು ಹೊಸದಲ್ಲ. ಮನೆಯಲ್ಲಿ ದಿನವೂ ಕಿವಿಗೆ ಬಿದ್ದದ್ದು ಮಕ್ಕಳದೂ ಆಗುತ್ತದೆ. ನಮ್ಮ ಮನೆಗಳಲ್ಲಿ ಕನ್ನಡ ಕೇಳುತ್ತಲೇ ಇರಲಿ.