ಹಳೆಯ ಹಾಡಿನ ವ್ಯಾಖ್ಯಾನ: ಸೆಸೀಲ್ ಮೆಕ್‌ಲೋರಿನ್ ಸಾಲ್ವಾಂಟರ ಗಾಯನ ಮತ್ತು ರಚನೆ

೧

ಜಾಝ್ ಸಂಗೀತದ ಚರಿತ್ರೆಯು ಬಹುಮಟ್ಟಿಗೆ ವಾದ್ಯಗಾರರ ಚರಿತ್ರೆಯಾಗಿಯೇ ನಡೆದುಬಂದಿದೆ. ಲೂಯಿ ಆರ್ಮ್‌ಸ್ಟ್ರಾಂಗ್, ಡ್ಯೂಕ್ ಎಲಿಂಗ್ಟನ್, ಚಾರ್ಲಿ ಪಾರ್ಕರ್ ಮೊದಲಾದವರ ಹೆಸರುಗಳ ಸುತ್ತ ಆ ಕಥನ ಬೆಳೆದಿದೆ. ಅದರಲ್ಲಿ ಗಾಯಕಿಯರಿಗೆ ಸ್ಥಾನವಿಲ್ಲವೆಂದಲ್ಲ. ಆದರೆ ಪರರ ಕೃತಿಗಳನ್ನು ಸೊಗಸಾಗಿ ಹಾಡಿದವರೆಂದೇ ಅವರನ್ನು ಎಣಿಸುವ ವಾಡಿಕೆ ಬಲವಾಗಿದೆ. ನ್ಯೂಯಾರ್ಕಿನ ನಾಟಕಶಾಲೆಗಳಿಗಾಗಿಯೂ ಚಲನಚಿತ್ರಗಳಿಗಾಗಿಯೂ ವೃತ್ತಿನಿರತ ರಚನಕಾರರು ಬರೆದ ಹಾಡುಗಳು ಜಾಝ್ ಕಲಾವಿದರ ಕೈಗೆ ಬಂದು 'ಸ್ಟ್ಯಾಂಡರ್ಡ್' ಎಂಬ ಹೆಸರಿನಿಂದ ಸಮಾನ ಸ್ವತ್ತಾದವು. ಮಾತು ಮತ್ತು ಧಾತು ಎರಡನ್ನೂ ತಾನೇ ರಚಿಸಿ ಹಾಡುವವರನ್ನು ನಾವು ವಾಗ್ಗೇಯಕಾರರೆನ್ನುತ್ತೇವೆ. ಜಾಝ್ ಗಾಯಕಿಯರಲ್ಲಿ ಬೆಸಿ ಸ್ಮಿತ್, ಬಿಲಿ ಹಾಲಿಡೇ ಇವರು ಕೆಲವು ಹಾಡುಗಳನ್ನು ಸ್ವತಃ ರಚಿಸಿದ್ದುಂಟು. ಆಬಿ ಲಿಂಕನ್ (೧೯೩೦–೨೦೧೦) ತಮ್ಮ ಬಾಳಿನ ಉತ್ತರಾರ್ಧದಲ್ಲಿ ರಚನೆಯನ್ನೇ ಮುಖ್ಯ ಕಾರ್ಯವಾಗಿ ಮಾಡಿಕೊಂಡರು. ಈ ಪರಂಪರೆಯ ಇಂದಿನ ಪ್ರತಿನಿಧಿಗಳಲ್ಲಿ ಪ್ರಮುಖರು ಸೆಸೀಲ್ ಮೆಕ್‌ಲೋರಿನ್ ಸಾಲ್ವಾಂಟ್.

ಅವರ ಪ್ರಶಸ್ತಿಗಳ ಪಟ್ಟಿಯನ್ನು ಒದಗಿಸುವುದು ಪ್ರಸ್ತುತ ಲೇಖನದ ಉದ್ದೇಶವಲ್ಲ. ಪೂರ್ವಿಕರಿಂದ ಬಂದ ಸಂಗೀತದ ಆಸ್ತಿಯಲ್ಲಿ ತನ್ನ ಜನಾಂಗಕ್ಕೂ ತನ್ನ ಹೆಣ್ತನಕ್ಕೂ ಅವಮಾನಕರವಾದ ಭಾಗಗಳಿದ್ದರೆ, ಗಾಯಕಿಯಾದವಳು ಅವುಗಳನ್ನು ಏನು ಮಾಡಬೇಕು? ಮರೆಯಬೇಕೆ, ತಿದ್ದಬೇಕೆ, ಹಾಡಬೇಕೆ? ಈ ಪ್ರಶ್ನೆಯನ್ನು ಸಾಲ್ವಾಂಟರು ಎದುರಿಸಿದ ಬಗೆಯಿಂದಲೇ ಅವರ ಸ್ವಂತ ರಚನೆ ರೂಪುಗೊಂಡಿತೆಂಬುದನ್ನು ತೋರಿಸುವುದು ಇಲ್ಲಿಯ ಪ್ರಯತ್ನ.

೨

ಸಾಲ್ವಾಂಟರು ೧೯೮೯ರಲ್ಲಿ ಅಮೆರಿಕದ ಮಯಾಮಿ ನಗರದಲ್ಲಿ ಜನಿಸಿದರು. ತಂದೆ ಹೈಟಿ ದೇಶದವರು, ತಾಯಿ ಫ್ರೆಂಚರು. ಐದನೆಯ ವಯಸ್ಸಿನಲ್ಲಿ ಪಿಯಾನೊ ಶಿಕ್ಷಣವೂ ಎಂಟನೆಯ ವಯಸ್ಸಿನಲ್ಲಿ ವೃಂದಗಾನವೂ ಆರಂಭವಾದುವು. ಆಗಿನ ಗುರಿ ಪಾಶ್ಚಾತ್ಯ ಶಾಸ್ತ್ರೀಯ ಗಾಯನವೇ ಹೊರತು ಜಾಝ್ ಅಲ್ಲ. ೨೦೦೭ರಲ್ಲಿ ಅವರು ನ್ಯಾಯಶಾಸ್ತ್ರದ ವ್ಯಾಸಂಗಕ್ಕಾಗಿ ದಕ್ಷಿಣ ಫ್ರಾನ್ಸಿನ ಏಕ್ಸ್-ಆಂ-ಪ್ರೊವಾಂಸ್ ಪಟ್ಟಣಕ್ಕೆ ಹೋದರು. ಅದರೊಂದಿಗೆ ಅಲ್ಲಿಯ ದಾರ್ಯುಸ್ ಮಿಯೊ ಸಂಗೀತಶಾಲೆಯಲ್ಲಿ ಶಾಸ್ತ್ರೀಯ ಹಾಗೂ ಬರೋಕ್ ಕಾಲದ ಗಾಯನವನ್ನು ಅಭ್ಯಸಿಸಿದರು. ಜಾಝ್ ತರಗತಿಯ ಅಧ್ಯಾಪಕರಾದ ಜಾಂ-ಫ್ರಾಂಸ್ವಾ ಬೊನೆಲ್ ಅವರ ಭೇಟಿಯಾದದ್ದು ಅಲ್ಲಿಯೇ. ಅವರ ಮಾರ್ಗದರ್ಶನದಲ್ಲಿ ಈ ವಿದ್ಯಾರ್ಥಿನಿ ಬೆಸಿ ಸ್ಮಿತ್ ಮುಂತಾದವರ ಹಳೆಯ ಗ್ರಾಮಫೋನ್ ಮುದ್ರಣಗಳತ್ತ ತಿರುಗಿದರು. ಅಮೆರಿಕದ ಹುಡುಗಿಯೊಬ್ಬಳಿಗೆ ಅಮೆರಿಕದ ಸಂಗೀತದ ಭೂತಕಾಲವು ಫ್ರಾನ್ಸಿನಲ್ಲಿ ದೊರೆಯಿತೆಂಬುದು ಗಮನಾರ್ಹ. ದೂರದಿಂದ ಕಂಡದ್ದರಿಂದಲೇ ಅದು ಅವರಿಗೆ ಅಧ್ಯಯನದ ವಸ್ತುವೂ ಆಯಿತೆಂದು ಊಹಿಸಬಹುದು.

೨೦೧೦ರಲ್ಲಿ, ತಮ್ಮ ೨೧ನೆಯ ವಯಸ್ಸಿನಲ್ಲಿ, ಅವರು ಥೆಲೋನಿಯಸ್ ಮಂಕ್ ಅಂತರರಾಷ್ಟ್ರೀಯ ಜಾಝ್ ಸ್ಪರ್ಧೆಯ ಗಾಯನ ವಿಭಾಗದಲ್ಲಿ ಮೊದಲ ಬಹುಮಾನ ಪಡೆದರು. ಅನಂತರದ 'ಫಾರ್ ಒನ್ ಟು ಲವ್' (೨೦೧೫), 'ಡ್ರೀಮ್ಸ್ ಅಂಡ್ ಡ್ಯಾಗರ್ಸ್' (೨೦೧೭), 'ದಿ ವಿಂಡೋ' (೨೦೧೮) ಎಂಬ ಮೂರು ಮುದ್ರಿಕೆಗಳೂ ಒಂದರ ಬೆನ್ನಿಗೊಂದು ಗ್ರ್ಯಾಮಿ ಪ್ರಶಸ್ತಿಗೆ ಪಾತ್ರವಾದುವು. ೨೦೨೦ರಲ್ಲಿ ಮ್ಯಾಕ್‌ಆರ್ಥರ್ ಫೆಲೋಷಿಪ್ ದೊರೆಯಿತು.

೩

೨೦೧೩ರಲ್ಲಿ ಹೊರಬಂದ 'ವುಮನ್‌ಚೈಲ್ಡ್' ಮುದ್ರಿಕೆಯಲ್ಲಿಯ ಹಾಡುಗಳ ಆಯ್ಕೆಯೇ ನಮ್ಮ ಪ್ರಶ್ನೆಗೆ ಮೊದಲ ಆಧಾರ. ಅದರಲ್ಲಿ 'ನೋಬಡಿ' ಎಂಬ ಹಾಡಿದೆ. ಇದನ್ನು ಪ್ರಸಿದ್ಧಗೊಳಿಸಿದ ಬರ್ಟ್ ವಿಲಿಯಮ್ಸ್ (೧೮೭೪–೧೯೨೨) ಸ್ವತಃ ಕಪ್ಪು ಜನಾಂಗದವರು. ಹೀಗಿದ್ದೂ ಅಂದಿನ ರಂಗಭೂಮಿಯ ಕಟ್ಟುಪಾಡಿಗೆ ಒಳಗಾಗಿ, ಸುಟ್ಟ ಬಿರಡೆಯ ಮಸಿಯನ್ನು ಮುಖಕ್ಕೆ ಬಳಿದುಕೊಂಡು, ಬಿಳಿಯರು ಕಲ್ಪಿಸಿದ 'ಕರಿಯ'ನ ವೇಷದಲ್ಲಿ ನಗಿಸಬೇಕಾಗಿತ್ತು. ಅದೇ ಮುದ್ರಿಕೆಯಲ್ಲಿ, ತುತ್ತೂರಿವಾದಕಿಯೂ ಗಾಯಕಿಯೂ ಆಗಿದ್ದ ವಲೈಡಾ ಸ್ನೋ ೧೯೩೫ರಲ್ಲಿ ಮುದ್ರಿಸಿದ್ದ ಹಾಡೊಂದಿದೆ. ಪ್ರಿಯನು ತನ್ನೊಳಗಿನ ಕಾಡುತನವನ್ನು ಕೆರಳಿಸುತ್ತಾನೆಂಬುದು ಅದರ ಭಾವ. ಆಫ್ರಿಕದ ಹೆಣ್ಣೆಂದರೆ ಕಾಡುಪ್ರಾಣಿಯೆಂಬ ಅಂದಿನ ಜನಪ್ರಿಯ ಕಲ್ಪನೆ ಅದರ ಬೆನ್ನೆಲುಬು.

'ಫಾರ್ ಒನ್ ಟು ಲವ್' ಮುದ್ರಿಕೆಯಲ್ಲಿ ೧೯೬೩ರ 'ವೈವ್ಸ್ ಅಂಡ್ ಲವರ್ಸ್' ಸೇರಿದೆ. ಬರ್ಟ್ ಬಕರಾಕ್ ಮತ್ತು ಹ್ಯಾಲ್ ಡೇವಿಡ್ ಇವರ ಈ ರಚನೆ, ಗಂಡ ಮನೆಗೆ ಬರುವಷ್ಟರಲ್ಲಿ ತಲೆ ಬಾಚಿ ಸಿಂಗರಿಸಿಕೊಳ್ಳದಿದ್ದರೆ ಅವನು ಕೈತಪ್ಪಿಯಾನೆಂದು ಗೃಹಿಣಿಯರಿಗೆ ಬುದ್ಧಿ ಹೇಳುತ್ತದೆ. ಇದರ ಮಗ್ಗುಲಲ್ಲಿಯೇ ೧೯೩೧ರ 'ಗ್ರೋಲಿಂಗ್ ಡ್ಯಾನ್' ಇದೆ. ಇದು ಬ್ಲಾಂಚ್ ಕ್ಯಾಲೊವೇ ಅವರದು. ಪುರುಷರ ವಾದ್ಯವೃಂದವೊಂದನ್ನು ಮುನ್ನಡೆಸಿದ ಈ ಮಹಿಳೆ ಇಂದು ನೆನಪಿನಲ್ಲಿ ಉಳಿದಿರುವುದು ಹೆಚ್ಚಾಗಿ ಕ್ಯಾಬ್ ಕ್ಯಾಲೊವೇಯ ಅಕ್ಕನೆಂದು.

ಈ ಹಾಡುಗಳ ಮಾತನ್ನು ಇಂದಿನ ಅಭಿರುಚಿಗೆ ಒಪ್ಪುವಂತೆ ತಿದ್ದಿ ಹಾಡುವ ಮಾರ್ಗವನ್ನು ಸಾಲ್ವಾಂಟರು ಹಿಡಿಯಲಿಲ್ಲ. ಮೂಲಪಾಠವನ್ನು ಉಳಿಸಿಕೊಂಡು ಅರ್ಥವನ್ನು ಹಾಡಿಕೆಯಿಂದ ಬದಲಿಸುವುದು ಅವರ ಕ್ರಮ. ಒಂದು ಶಬ್ದದ ಮೇಲೆ ಬೇಕೆಂದೇ ತಡೆಯುವುದು, ತೀರ ಮುಗ್ಧವಾದ ದನಿಯನ್ನು ಥಟ್ಟನೆ ಗಡುಸಾಗಿಸುವುದು, ಹೊಗಳಿಕೆಯ ಸಾಲನ್ನು ಅಣಕಕ್ಕೆ ಹೊರಳಿಸುವುದು - ಇಷ್ಟರಿಂದಲೇ ಹಾಡು ತನ್ನ ಮೇಲೆ ತಾನೇ ಸಾಕ್ಷಿ ನುಡಿಯುತ್ತದೆ. ನ್ಯೂಯಾರ್ಕಿನ 'ವಿಲೇಜ್ ವ್ಯಾನ್‌ಗಾರ್ಡ್' ಎಂಬಲ್ಲಿ ಸಭಿಕರ ಸಮ್ಮುಖದಲ್ಲಿ ಬಹುಭಾಗ ಮುದ್ರಿತವಾದ 'ಡ್ರೀಮ್ಸ್ ಅಂಡ್ ಡ್ಯಾಗರ್ಸ್'ನಲ್ಲಿ ಶ್ರೋತೃಗಳ ನಗೆಯೂ ಕೇಳಿಸುತ್ತದೆ. ಟೀಕಾಕಾರನು ಮೂಲವನ್ನು ಅಳಿಸದೆ ಅದರ ಪಕ್ಕದಲ್ಲಿ ತನ್ನ ಮಾತನ್ನು ಇಡುವಂತೆ, ಈಕೆ ಹಳೆಯ ಹಾಡಿಗೆ ಧ್ವನಿಯಿಂದ ವ್ಯಾಖ್ಯಾನ ಬರೆದರೆನ್ನಬಹುದು.

ಆದರೆ ಇಲ್ಲಿ ಒಂದು ಆಕ್ಷೇಪಕ್ಕೆ ಎಡೆಯಿದೆ. ವ್ಯಂಗ್ಯವು ಸಫಲವಾಗಬೇಕಾದರೆ ಕೇಳುವವನಿಗೆ ಹಿನ್ನೆಲೆ ತಿಳಿದಿರಬೇಕು. ತಿಳಿಯದವನಿಗೆ ಅದೇ ಹಾಡು ಹಳೆಯ ಅವಮಾನವನ್ನು ಹೊಸ ಇಂಪಿನೊಡನೆ ಮತ್ತೆ ಉಣಬಡಿಸುವುದಿಲ್ಲವೆ? ಈ ಆಕ್ಷೇಪ ನಿರಾಧಾರವಲ್ಲ. ವ್ಯಾಖ್ಯಾನಕ್ಕೆ ಒಂದು ಮಿತಿಯುಂಟು: ಮೂಲದಲ್ಲಿ ಮಾತೇ ದೊರೆಯದವರಿಗೆ ಅದು ಮಾತನ್ನು ಕೊಡಲಾರದು. ಈ ಕೊರತೆಯನ್ನು ತುಂಬುವ ಬಗೆ ಅವರ ಸ್ವಂತ ರಚನೆಗಳಲ್ಲಿ ಕಾಣುತ್ತದೆ.

೪

ರಚನೆಯ ಬೀಜ 'ವುಮನ್‌ಚೈಲ್ಡ್'ನಲ್ಲಿಯೇ ಇತ್ತು. ಅದರಲ್ಲಿ ಹೈಟಿಯ ಕವಯಿತ್ರಿ ಇದಾ ಫೊಬೇರ್ (೧೮೮೨–೧೯೬೯) ಅವರ ಫ್ರೆಂಚ್ ಕವಿತೆಯೊಂದಕ್ಕೆ ಸಾಲ್ವಾಂಟರು ಸ್ವರ ಹೊಂದಿಸಿದ್ದಾರೆ. 'ಫಾರ್ ಒನ್ ಟು ಲವ್'ನ ೧೨ ಹಾಡುಗಳಲ್ಲಿ ೫ ಅವರವೇ. ಈ ಬೆಳವಣಿಗೆ ನೇರವಾಗಿ ಏರಿದ ಗೆರೆಯಲ್ಲ. ಪಿಯಾನೊವಾದಕ ಸಲಿವನ್ ಫೋರ್ಟ್ನರ್ ಜೊತೆಗಿನ 'ದಿ ವಿಂಡೋ' ಬಹುತೇಕ ಪರಕೃತಿಗಳದೇ. ಆದರೆ ಅದೇ ೨೦೧೮ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ 'ಓಗ್ರೆಸ್' ಎಂಬ ಸುದೀರ್ಘ ಗೇಯಕಥನ ಮೊದಲ ಬಾರಿಗೆ ಪ್ರಯೋಗವಾಯಿತು. ಕಥೆ, ಮಾತು, ಸ್ವರ ಮೂರೂ ಸಾಲ್ವಾಂಟರವು; ವಾದ್ಯವೃಂದದ ಸಂಯೋಜನೆ ಡಾರ್ಸಿ ಜೇಮ್ಸ್ ಆರ್ಗ್ಯೂ ಅವರದು. ಕಾಡಿನಲ್ಲಿ ಒಂಟಿಯಾಗಿ ಬಾಳುವ, ಊರವರು ಅಂಜಿ ಹೇಸುವ ರಾಕ್ಷಸಿಯೊಬ್ಬಳ ಪ್ರೇಮದ ಕಥೆಯದು. ಅದರ ಪ್ರೇರಣೆಗಳಲ್ಲೊಂದು ಸಾರಾ ಬಾರ್ಟ್‌ಮನ್ನಳ ಜೀವನ. ದಕ್ಷಿಣ ಆಫ್ರಿಕದ ಈ ಹೆಣ್ಣನ್ನು ೧೮೧೦ರಲ್ಲಿ ಲಂಡನ್ನಿಗೂ ಅನಂತರ ಪ್ಯಾರಿಸ್ಸಿಗೂ ಒಯ್ದು, ದೇಹದ ಆಕಾರಕ್ಕಾಗಿ ಪ್ರದರ್ಶನಕ್ಕಿಟ್ಟರು. ೧೮೧೫ರಲ್ಲಿ ಸತ್ತ ಮೇಲೂ ಆಕೆಯ ಅವಶೇಷಗಳು ಫ್ರಾನ್ಸಿನಲ್ಲಿಯೇ ಉಳಿದು, ೨೦೦೨ರಲ್ಲಿ ತಾಯ್ನಾಡಿನ ಮಣ್ಣು ಸೇರಿದುವು. 'ಕಾಡುತನ'ದ ಹಾಡಿಗೂ ಈ ಕೃತಿಗೂ ಇರುವ ಸಂಬಂಧ ಸ್ಪಷ್ಟ. ಅಲ್ಲಿ ಪರರು ಹೊರಿಸಿದ ವೇಷವನ್ನು ಅಣಕಿಸಿದ ಗಾಯಕಿ, ಇಲ್ಲಿ ವೇಷದೊಳಗಿನ ಹೆಣ್ಣಿಗೆ ಮಾತು ಕೊಟ್ಟಿದ್ದಾರೆ.

'ಘೋಸ್ಟ್ ಸಾಂಗ್' (೨೦೨೨) ಮುದ್ರಿಕೆಯ ೧೨ರಲ್ಲಿ ೭ ಸ್ವಂತ ರಚನೆಗಳು. 'ಮೆಲ್ಯುಸೀನ್' (೨೦೨೩) ಎಂಬುದರಲ್ಲಿ ೧೪ಕ್ಕೆ ೫ ಮಾತ್ರ. ಆದರೆ ಉಳಿದವು ೧೨ನೆಯ ಶತಮಾನದವರೆಗೆ ಹಿಂದಕ್ಕೆ ಚಾಚುತ್ತವೆ. ಹೆಚ್ಚಿನವು ಫ್ರೆಂಚಿನಲ್ಲಿದ್ದು, ಜೊತೆಗೆ ಆಕ್ಸಿಟನ್, ಇಂಗ್ಲಿಷ್ ಮತ್ತು ಹೈಟಿಯ ಕ್ರಿಯೋಲ್ ಭಾಷೆಗಳೂ ಬರುತ್ತವೆ. ವಾರಕ್ಕೊಂದು ದಿನ ಸೊಂಟದಿಂದ ಕೆಳಗೆ ಸರ್ಪವಾಗುವ ಮೆಲ್ಯುಸೀನಳ ಐತಿಹ್ಯವನ್ನು ೧೪ನೆಯ ಶತಮಾನದ ಕೊನೆಯಲ್ಲಿ ಜಾಂ ದಾರಾಸ್ ಬರೆದಿಟ್ಟಿದ್ದನು. ಆ ದಿನ ತನ್ನನ್ನು ನೋಡಕೂಡದೆಂಬ ಆಕೆಯ ಮಾತನ್ನು ಗಂಡ ಮೀರುತ್ತಾನೆ. ಇಲ್ಲಿಯೂ ಪರರ ನೋಟಕ್ಕೆ ಸಿಕ್ಕಿ ನೊಂದ ಹೆಣ್ಣೇ ಕಥೆಯ ಕೇಂದ್ರ.

೫

ಸಾಲ್ವಾಂಟರು ಹಳೆಯದನ್ನು ಬಿಟ್ಟು ಹೊಸದಕ್ಕೆ ಬಂದವರಲ್ಲ. ಹಳೆಯ ಹಾಡುಗಳನ್ನು ದಾಖಲೆಗಳಂತೆ ಓದಿ, ಅವು ಹೇಳಿದ್ದನ್ನು ಹಾಡಿ, ಹೇಳದೆ ಬಿಟ್ಟದ್ದನ್ನು ರಚಿಸಿದವರು. ಮುದ್ರಿತ ಧ್ವನಿಯನ್ನು ಇನ್ನೂ ಮನೋರಂಜನೆಯ ಸಾಮಗ್ರಿಯೆಂದಷ್ಟೇ ಎಣಿಸುವ ಇತಿಹಾಸಕಾರರು ಇದರಿಂದ ಕಲಿಯಬೇಕಾದದ್ದಿದೆ. ಬರ್ಟ್ ವಿಲಿಯಮ್ಸ್, ವಲೈಡಾ ಸ್ನೋ, ಬ್ಲಾಂಚ್ ಕ್ಯಾಲೊವೇ ಇವರ ಮುದ್ರಣಗಳು ಅಂದಿನ ಸಮಾಜವು ಏನನ್ನು ಕೇಳಿ ನಕ್ಕಿತು, ಯಾರನ್ನು ಮರೆಯಿತು ಎಂಬುದಕ್ಕೆ ಶಾಸನಗಳಷ್ಟೇ ಗಟ್ಟಿಯಾದ ಆಧಾರಗಳು. ಅಹಿತವಾದುದನ್ನು ಪಟ್ಟಿಯಿಂದ ತೆಗೆದುಹಾಕುವುದು ಸುಲಭ. ಹಾಗೆ ಮಾಡಿದರೆ ಅವಮಾನದ ಗುರುತಿನೊಡನೆ ಅವಮಾನವನ್ನು ಸಹಿಸಿ ಹಾಡಿದವರ ಗುರುತೂ ಅಳಿದುಹೋಗುತ್ತದೆ.