ಪುಲಕೇಶಿ (ವ್ಯಕ್ತಿನಾಮ)

ಪುಲಕೇಶಿ ಗಂಡುಮಕ್ಕಳಿಗೆ ಇಡುವ ಹೆಸರು. ಪುಲಿಕೇಶಿ ಎಂದೂ ಬರೆಯುತ್ತಾರೆ. ಶಾಸನಗಳಲ್ಲಿ ಪೊಲೆಕೇಶಿ ಎಂಬ ರೂಪವೂ ಸಿಗುತ್ತದೆ. ಬಾದಾಮಿ ಚಾಲುಕ್ಯರ ಇಬ್ಬರು ಅರಸರಿಂದ ಇದಕ್ಕೆ ಖ್ಯಾತಿ ಬಂತು. ಕರ್ನಾಟಕದಲ್ಲಿ ಶಾಲೆಯ ಮೆಟ್ಟಿಲು ಹತ್ತಿದವರೆಲ್ಲ ಬಲ್ಲ ಹೆಸರಿದು. ಆದರೂ ನಾಮಕರಣದ ದಿನ ಮಗುವಿನ ಕಿವಿಯಲ್ಲಿ ಇದನ್ನು ಹೇಳುವವರು ವಿರಳ.

ಅರ್ಥದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ‘ಕೇಶಿ’ ಎಂದರೆ ಕೂದಲುಳ್ಳವನು, ಕೇಸರವುಳ್ಳವನು. ಅದರಿಂದಲೇ ಸಿಂಹ ಎಂಬ ಅರ್ಥವೂ ಬಂದಿದೆ. ಇಷ್ಟರಲ್ಲಿ ಜಗಳವಿಲ್ಲ, ತಕರಾರೆಲ್ಲ ಮೊದಲರ್ಧದ್ದು. ಅದು ಹಳಗನ್ನಡದ ‘ಪುಲಿ’ ಎಂದು ಹಿಡಿದವರು ಹೆಸರನ್ನು ಕನ್ನಡ-ಸಂಸ್ಕೃತಗಳ ಮಿಶ್ರ ಸಮಾಸವೆಂದು ಬಗೆದು ‘ಹುಲಿಗೂದಲಿನವನು’ ಎಂದು ಅರ್ಥ ಹೇಳಿದರು. ದಿನೇಶಚಂದ್ರ ಸರ್ಕಾರರದು ಈ ಪಕ್ಷ. ಕೆ.ಎ. ನೀಲಕಂಠ ಶಾಸ್ತ್ರಿಗಳು ‘ಮಹಾಸಿಂಹ’ ಎಂದರು. ರೋಮಾಂಚನವೆಂಬ ಅರ್ಥದ ‘ಪುಲಕ’ದಿಂದ ಬಂದದ್ದೆಂಬ ವಿವರಣೆಯೂ ಇದೆ. ಅದು ಕೇಳಲು ಚೆನ್ನಾಗಿದೆ, ಆದರೆ ಪೊಲೆಕೇಶಿ ಎಂಬ ಶಾಸನರೂಪದ ಎದುರು ಸಡಿಲವಾಗುತ್ತದೆ. ಸುಮಾರು 641ರಲ್ಲಿ ಚಾಲುಕ್ಯ ರಾಜ್ಯವನ್ನು ಕಂಡ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಬರೆದುಕೊಂಡ ರೂಪ ‘ಪು-ಲೊ-ಕಿ-ಶೆ’.

ಚಾಲುಕ್ಯ ವಂಶದಲ್ಲಿ ಹೆಸರು ಸಾಗಿದ ರೀತಿಯಲ್ಲಿ ಒಂದು ಕ್ರಮ ಕಾಣುತ್ತದೆ. ಒಂದನೆಯ ಪುಲಕೇಶಿಯ ಮಗ ಕೀರ್ತಿವರ್ಮ. ಅವನ ಮಗ ಇಮ್ಮಡಿ ಪುಲಕೇಶಿ. ಇಮ್ಮಡಿಯ ಮಗ ಜಯಸಿಂಹ ಗುಜರಾತಿನ ನವಸಾರಿಯ ಕಡೆ ಆಳಿದ. ಅವನ ಮಗ ಅವನಿಜನಾಶ್ರಯ ಪುಲಕೇಶಿ. ಎರಡು ಸಲವೂ ಅಜ್ಜನ ಹೆಸರು ಮೊಮ್ಮಗನಿಗೆ ಬಂದಿದೆ. ನಮ್ಮ ಮನೆಗಳಲ್ಲಿ ಇಂದಿಗೂ ಇರುವ ವಾಡಿಕೆಯೇ ಅದು. ಮೂವರಲ್ಲಿ ಮೂರನೆಯವನನ್ನು ಪಠ್ಯಪುಸ್ತಕಗಳು ಹೆಚ್ಚಾಗಿ ಮರೆಯುತ್ತವೆ. ಸಿಂಧ್ ಕಡೆಯಿಂದ ನುಗ್ಗಿದ ಅರಬ್ ಸೇನೆಯನ್ನು ತಡೆದು ಹಿಮ್ಮೆಟ್ಟಿಸಿದವನು ಅವನೇ ಎಂದು ನವಸಾರಿಯ ತಾಮ್ರಪಟ ಹೇಳುತ್ತದೆ.

ಇಮ್ಮಡಿಗೆ ಹುಟ್ಟಿದಾಗಲೇ ಈ ಹೆಸರಿತ್ತೆಂದು ಹೇಳಲಾಗದು. ಅನಂತಪುರ ಜಿಲ್ಲೆಯ ಪೆದ್ದವಡುಗೂರಿನ ಶಾಸನದಲ್ಲಿ ಬರುವ ಎರೆಯ ಇವನೇ ಎಂದು ಇತಿಹಾಸಕಾರರು ಗುರುತಿಸಿದ್ದಾರೆ. ಎರೆಯ ಎಂದರೆ ಒಡೆಯ, ಅಚ್ಚಗನ್ನಡದ ಹೆಸರು. ಚಿಕ್ಕಪ್ಪ ಮಂಗಲೇಶನ ಕೈಯಿಂದ ಪಟ್ಟ ಕಿತ್ತುಕೊಂಡವನು ಅಜ್ಜನ ಹೆಸರಿನಲ್ಲಿ ಸಿಂಹಾಸನ ಏರಿದ್ದು ಸಹಜವಾಗಿಯೇ ತೋರುತ್ತದೆ. ಅಜ್ಜನಾದರೋ ಬಾದಾಮಿ ಬಂಡೆಯ ಮೇಲಿನ 543ರ ಶಾಸನದಲ್ಲಿ ಪುಲಕೇಶಿಯಾಗಿ ಕಾಣುವುದಿಲ್ಲ. ಅಲ್ಲಿ ಅವನು ‘ಚಲಿಕ್ಯ ವಲ್ಲಭೇಶ್ವರ’. ಹೆಸರಿಗೆ ದೊಡ್ಡ ಕೀರ್ತಿ ತಂದದ್ದು ಐಹೊಳೆಯ ಮೇಗುತಿ ಜಿನಾಲಯದಲ್ಲಿರುವ 634-35ರ ಸಂಸ್ಕೃತ ಪ್ರಶಸ್ತಿ. ಅದರಲ್ಲಿ ಕವಿ ರವಿಕೀರ್ತಿ ಇಮ್ಮಡಿಗೆ ಸೋತ ಹರ್ಷವರ್ಧನನ ಹರ್ಷ ಅಡಗಿದ್ದನ್ನು ಶ್ಲೇಷೆಯಲ್ಲಿ ಹೇಳಿದ. ಮುಂದೆ ಅವನನ್ನೇ ಗೆದ್ದವರ ಕಡೆಯ ದಾಖಲೆಯಲ್ಲಿ ಇದೇ ಹೆಸರಿನ ಗತಿ ಬೇರೆ: ಪಲ್ಲವರ ಕೂರಂ ತಾಮ್ರಪಟದ ಪ್ರಕಾರ ನರಸಿಂಹವರ್ಮ ಓಡುವ ಪುಲಕೇಶಿಯ ಬೆನ್ನನ್ನೇ ಹಲಗೆ ಮಾಡಿಕೊಂಡು ‘ವಿಜಯ’ ಎಂಬ ಅಕ್ಷರ ಬರೆದ.

ನವಸಾರಿಯ ಮೊಮ್ಮಗನ ಬಳಿಕ ಹೆಸರು ತೆರೆಮರೆಗೆ ಸರಿಯಿತು. ಕಲ್ಯಾಣದ ಸಿಂಹಾಸನ ಏರಿದ ಚಾಲುಕ್ಯರಲ್ಲಿ ವಿಕ್ರಮಾದಿತ್ಯರಿದ್ದಾರೆ, ಸೋಮೇಶ್ವರರಿದ್ದಾರೆ, ಜಯಸಿಂಹರಿದ್ದಾರೆ, ಪುಲಕೇಶಿ ಒಬ್ಬನೂ ಇಲ್ಲ. ಇಮ್ಮಡಿಯ ಬಿರುದಾದ ‘ಸತ್ಯಾಶ್ರಯ’ ಮಾತ್ರ ಅಂಕಿತನಾಮವಾಗಿ ಉಳಿದು, ರನ್ನ ಭೀಮನಿಗೆ ಸಮೀಕರಿಸಿದ ಸತ್ಯಾಶ್ರಯ ಇರಿವಬೆಡಂಗನವರೆಗೂ ಬಂತು.

ಬಳಕೆ ತಪ್ಪಿದ್ದಕ್ಕೆ ಹೆಸರಿನ ಮೊದಲಕ್ಷರವೇ ಸಾಕ್ಷಿಯಾಗಬಹುದು. ಕನ್ನಡದಲ್ಲಿ ಪುಲಿ ಹುಲಿಯಾಯಿತು, ಪಾಲು ಹಾಲಾಯಿತು, ಪೂವು ಹೂವಾಯಿತು. ಜನರ ಬಾಯಲ್ಲಿ ಇದ್ದಿದ್ದರೆ, ಅದರಲ್ಲಿ ಹುಲಿಯೂ ಇದ್ದಿದ್ದರೆ, ಇಷ್ಟು ಹೊತ್ತಿಗೆ ‘ಹುಲಿಕೇಶಿ’ ಆಗಬೇಕಿತ್ತು. ಸಂಸ್ಕೃತದ ಪುಲಕವೆಂದು ಹಿಡಿದರೆ ಪಕಾರ ಉಳಿದದ್ದರಲ್ಲಿ ವಿಶೇಷವಿಲ್ಲ ಎಂಬ ಆಕ್ಷೇಪಕ್ಕೂ ಬೆಲೆಯಿದೆ. ಏನೇ ಇರಲಿ, ಇಂದು ಈ ಹೆಸರಿಡುವವರಿಗೆ ಅದು ಬಂದಿರುವುದು ಹಿರೀಕರ ಬಾಯಿಂದಲ್ಲ, ಕಲ್ಲಿನಿಂದ. ಜೆ.ಎಫ್. ಫ್ಲೀಟ್ 1870ರ ದಶಕದಲ್ಲಿ ಐಹೊಳೆ ಶಾಸನವನ್ನು ಓದಿ ಪ್ರಕಟಿಸಿದರು. 1917ರಲ್ಲಿ ಬಂದ ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ದಂಥ ಬರಹಗಳು ಚಾಲುಕ್ಯರನ್ನು ಕನ್ನಡಿಗರ ಅಭಿಮಾನದ ಮಾತಾಗಿಸಿದವು. 1967ರಲ್ಲಿ ರಾಜ್‌ಕುಮಾರ್ ನಾಯಕರಾಗಿ ‘ಇಮ್ಮಡಿ ಪುಲಿಕೇಶಿ’ ಚಿತ್ರ ತೆರೆ ಕಂಡಿತು. ಬೆಂಗಳೂರಿನ ಫ್ರೇಜರ್ ಟೌನ್‌ಗೆ ಪುಲಕೇಶಿನಗರ ಎಂದು ಹೆಸರಿಟ್ಟರು. ವಿಧಾನಸಭಾ ಕ್ಷೇತ್ರಕ್ಕೂ ಅದೇ ಹೆಸರು. ಓಡಾಡುವವರ ಬಾಯಲ್ಲಿ ಇನ್ನೂ ಫ್ರೇಜರ್ ಟೌನೇ ಇದೆ.

ಗಡಿಯಾಚೆ ತಮಿಳಿನಲ್ಲಿ ಇದೇ ಹೆಸರಿಗೆ ಬೇರೆಯದೇ ಬಣ್ಣ. ಕಲ್ಕಿ ಕೃಷ್ಣಮೂರ್ತಿಯವರ ‘ಶಿವಗಾಮಿಯಿನ್ ಶಪಥಂ’ ಕಾದಂಬರಿಯಲ್ಲಿ ಪುಲಿಕೇಶಿ ಕಂಚಿಯ ಮೇಲೆ ಏರಿಬರುವ ಶತ್ರು. 2006ರ ‘ಇಂಸೈ ಅರಸನ್ 23ಆಂ ಪುಲಿಕೇಸಿ’ ಚಿತ್ರದಲ್ಲಿ ವಡಿವೇಲು ಆಡಿದ ಪಾತ್ರವಂತೂ ಪೆದ್ದ, ಪುಕ್ಕಲು ದೊರೆ. ಆ ಚಿತ್ರ ಗೆದ್ದ ಮೇಲೆ ತಮಿಳುನಾಡಿನಲ್ಲಿ ಹೆಸರು ಕೇಳಿದೊಡನೆ ನಗುವುದು ಸುಲಭವಾಯಿತು.