ಸೋನಾರ್: ಸೋಲಿನಿಂದ ಕಲಿತ ಕಡಲ ಕಿವಿ

ನೆಲಮಂಗಲದಿಂದ ತುಮಕೂರು ರಸ್ತೆಯಲ್ಲಿ ಬೆಂಗಳೂರಿಗೆ ಬರುವಾಗ ನೀವು ಜಾಲಹಳ್ಳಿ ಕ್ರಾಸ್ ದಾಟುತ್ತೀರಿ. 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ಇರುವುದು ಜಾಲಹಳ್ಳಿಯಲ್ಲಿ. ಸಮುದ್ರ ಇಲ್ಲಿಂದ 250 ಕಿ.ಮೀ.ಗೂ ದೂರ. ಆದರೂ ನಮ್ಮ ಯುದ್ಧನೌಕೆಗಳ 'ಕಿವಿ'ಯಾದ ಸೋನಾರ್‌ಗೂ ಈ ಸಂಸ್ಥೆಗೂ ಹತ್ತಿರದ ನಂಟು.

ಈ ಕಥೆ ಒಂದು ಸೋಲಿನಿಂದ ಆರಂಭವಾಗುತ್ತದೆ. 1971ರ ಡಿಸೆಂಬರ್ 9ರ ರಾತ್ರಿ ದಿಯು ದ್ವೀಪದ ಬಳಿ, ಪಾಕಿಸ್ತಾನದ ಜಲಾಂತರ್ಗಾಮಿ 'ಹಂಗೋರ್' ಅನ್ನು ಹುಡುಕುತ್ತಿದ್ದ ನಮ್ಮ 'ಖುಕ್ರಿ' ನೌಕೆ ಅದರದೇ ಟಾರ್ಪೆಡೊಗೆ ಬಲಿಯಾಯಿತು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಸೇರಿ 18 ಅಧಿಕಾರಿಗಳೂ 176 ನಾವಿಕರೂ ಮಡಿದರು. ಸೋನಾರ್‌ನ ವ್ಯಾಪ್ತಿ ಹೆಚ್ಚಿಸುವ ಪ್ರಯೋಗಕ್ಕಾಗಿ ಖುಕ್ರಿ ಆಗ ನಿಧಾನವಾಗಿ ಚಲಿಸುತ್ತಿತ್ತೆಂದು ನೌಕಾಪಡೆಯ ಇತಿಹಾಸ ದಾಖಲಿಸಿದೆ. ಚೆನ್ನಾಗಿ ಕೇಳಲು ಹೊರಟ ಹಡಗೇ ಸುಲಭದ ಗುರಿಯಾಯಿತು!

ಕೇಳುವುದು ಅಷ್ಟು ಕಷ್ಟವೇಕೆ? ಬಿಸಿಲಿನ ದಿನ ಕೆರೆಯಲ್ಲಿ ಈಜಿದವರಿಗೆ ಗೊತ್ತು, ಮೇಲಿನ ನೀರು ಬೆಚ್ಚಗೆ, ಕಾಲಡಿಯದು ತಣ್ಣಗೆ. ಕಡಲಲ್ಲೂ ಹಾಗೆಯೇ. ಶಬ್ದವು ಕಡಲ ನೀರಿನಲ್ಲಿ ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಲ್ಲಿ ಸಾಗುತ್ತದೆ. ತಣ್ಣನೆಯ ನೀರಿನಲ್ಲಿ ವೇಗ ತುಸು ಕಡಿಮೆ. ಹೀಗಾಗಿ ಹಡಗು ಕಳಿಸಿದ ಶಬ್ದ ತರಂಗಗಳು ತಣ್ಣನೆಯ ಪದರದ ಕಡೆಗೆ ಬಾಗಿ, ನಡುವೆ ಶಬ್ದ ತಲುಪದ 'ನೆರಳು' ಉಳಿಯುತ್ತದೆ. ಜಲಾಂತರ್ಗಾಮಿ ಅಡಗುವುದು ಅಲ್ಲಿ. ನೆರಳಿನಿಂದಾಚೆ ಇದ್ದರೂ 6 ಕಿ.ಮೀ. ದೂರದ ಪ್ರತಿಧ್ವನಿ ಮರಳಲು 8 ಸೆಕೆಂಡು ಬೇಕು. ಅದು ಅಲೆ, ಮೀನು, ಕಡಲ ತಳ ಇವುಗಳ ಗದ್ದಲದಲ್ಲಿ ಬೆರೆತು ಬರುತ್ತದೆ.

1982ರ ಫಾಕ್‌ಲ್ಯಾಂಡ್ ದ್ವೀಪಗಳ ಯುದ್ಧವನ್ನೇ ನೋಡಿ. ಮೇ 2ರಂದು ಬ್ರಿಟನ್ನಿನ ಜಲಾಂತರ್ಗಾಮಿ 'ಕಾಂಕರರ್' ಅರ್ಜೆಂಟೀನಾದ 'ಜನರಲ್ ಬೆಲ್ಗ್ರಾನೊ' ನೌಕೆಯನ್ನು ಮುಳುಗಿಸಿತು. 323 ಮಂದಿ ಸತ್ತರು. ಬೆದರಿದ ಅರ್ಜೆಂಟೀನಾ ತನ್ನ ವಿಮಾನವಾಹಕ ನೌಕೆಯನ್ನು ತೀರಕ್ಕೆ ಹಿಂದೆಗೆಯಿತು. ಅದರ ವಿಮಾನಗಳು ಸುಮಾರು 700 ಕಿ.ಮೀ. ದೂರದ ನೆಲದಿಂದ ಹಾರಿ, ದ್ವೀಪಗಳ ಮೇಲೆ ಕೆಲವೇ ನಿಮಿಷ ಹೋರಾಡಬೇಕಾಯಿತು. ಆಕಾಶದ ಯುದ್ಧದ ಗತಿಯನ್ನು ಬದಲಿಸಿದ್ದು ನೀರಿನಡಿಯ ಟಾರ್ಪೆಡೊ ಎಂದೇ ನನ್ನ ಅಭಿಪ್ರಾಯ. ಇತ್ತ ಬ್ರಿಟಿಷರಿಗೂ ಅರ್ಜೆಂಟೀನಾದ ಒಂದೇ ಒಂದು ಡೀಸೆಲ್ ಜಲಾಂತರ್ಗಾಮಿ 'ಸ್ಯಾನ್ ಲೂಯಿಸ್' ಕೊನೆಗೂ ಸಿಗಲಿಲ್ಲ. ಸೀ ಕಿಂಗ್ ಹೆಲಿಕಾಪ್ಟರುಗಳು ಸೋನಾರನ್ನು ಹಗ್ಗದಲ್ಲಿ ನೀರಿಗಿಳಿಸಿ ಹುಡುಕಿದವು. ತಿಮಿಂಗಿಲಗಳ ಮೇಲೂ ಆಯುಧಗಳು ಬಿದ್ದವು. ಅದರ ಟಾರ್ಪೆಡೊಗಳು ಕೈಕೊಟ್ಟದ್ದು ಬ್ರಿಟನ್ನಿನ ಅದೃಷ್ಟ. ಆ ಬ್ರಿಟಿಷ್ ಪಡೆಯ ನಾಯಕ ನೌಕೆ 'ಹರ್ಮೀಸ್' ಮುಂದೆ ನಮ್ಮ 'ವಿರಾಟ್' ಆಗಿ 1987ರಿಂದ 2017ರವರೆಗೆ ಸೇವೆ ಸಲ್ಲಿಸಿತು.

ಖುಕ್ರಿಯ ದುರಂತದ ಬಳಿಕ ನೌಕಾಪಡೆ ಈ ಕೆಲಸ ಒಪ್ಪಿಸಿದ್ದು ದೆಹಲಿಯ ಐಐಟಿಯಲ್ಲಿ ಸಂಶೋಧನೆ ನಡೆಸಿದ್ದ ತನ್ನ ಅಧಿಕಾರಿ ಆರೋಗ್ಯಸ್ವಾಮಿ ಪೌಲ್‌ರಾಜ್ ಅವರಿಗೆ. ಅವರ ವಿಷಯ, ಗದ್ದಲದಿಂದ ಸಂಜ್ಞೆಯನ್ನು ಬೇರ್ಪಡಿಸುವ ಗಣಿತ. ಮೊದಲು ಹಳೆಯ ಬ್ರಿಟಿಷ್ ಸೋನಾರನ್ನೇ ಸುಧಾರಿಸಿದರು. ನಂತರ ಕೊಚ್ಚಿಯ ನೌಕಾ ಭೌತ ಮತ್ತು ಸಾಗರವಿಜ್ಞಾನ ಪ್ರಯೋಗಾಲಯದಲ್ಲಿ ಅವರ ತಂಡ 'ಅಪ್ಸೊ' ಎಂಬ ಹೊಸ ಸೋನಾರನ್ನು ರೂಪಿಸಿತು. 1980ರ ದಶಕದಲ್ಲಿ ಅದನ್ನು ತಯಾರಿಸಿಕೊಟ್ಟದ್ದು ಬಿಇಎಲ್.

ಬಿಇಎಲ್‌ನ ಕೇಂದ್ರೀಯ ಸಂಶೋಧನಾ ಪ್ರಯೋಗಾಲಯದ ಸ್ಥಾಪಕ ನಿರ್ದೇಶಕರೂ ಪೌಲ್‌ರಾಜ್ ಅವರೇ. ಅಮೆರಿಕಕ್ಕೆ ಹೋದ ಮೇಲೆ, 1990ರ ದಶಕದಲ್ಲಿ, ಹಲವು ಆಂಟೆನಾಗಳಿಂದ ಏಕಕಾಲಕ್ಕೆ ಸಂಜ್ಞೆ ಕಳಿಸಿ ಬೇರ್ಪಡಿಸುವ 'ಮೈಮೊ' ವಿಧಾನವನ್ನು ಮುಂದಿಟ್ಟರು. ನಿಮ್ಮ ಮನೆಯ ವೈಫೈ, ಕೈಯ ಮೊಬೈಲ್ ಇಂದು ಬಳಸುತ್ತಿರುವುದು ಅದನ್ನೇ.